ಹೆಸರು ಅಳಿಸಿದರೂ ಗುರುತು ಸಿಗುವ ನಗರ

ಮಹಾನಗರಗಳ ಬಗ್ಗೆ ಬರೆಯುವವರ ಕೈಗೆ ಕೆಲವು ವಾಕ್ಯಗಳು ತಾವಾಗಿಯೇ ಬಂದು ಕೂರುತ್ತವೆ. ‘ನಿದ್ದೆ ಮಾಡದ ನಗರ’, ‘ಹಳತೂ ಹೊಸತೂ ಕೈ ಹಿಡಿದು ನಡೆಯುವ ಊರು’, ‘ವೈರುಧ್ಯಗಳ ತವರು’. ಇಂಥ ವಾಕ್ಯದಲ್ಲಿರುವ ನಗರದ ಹೆಸರನ್ನು ಅಳಿಸಿ ಬೇರೊಂದನ್ನು ಬರೆದು ನೋಡಿ. ಇಸ್ತಾಂಬುಲ್ ಇದ್ದಲ್ಲಿ ಕೈರೋ, ಕೈರೋ ಇದ್ದಲ್ಲಿ ಲಂಡನ್. ವಾಕ್ಯ ಏನೂ ಆಗಿಲ್ಲವೆಂಬಂತೆ ನಿಂತೇ ಇರುತ್ತದೆ. ಅಂದರೆ ಅದು ಯಾವ ನಗರದ ಬಗ್ಗೆಯೂ ಏನನ್ನೂ ಹೇಳಿರಲಿಲ್ಲ. ನಗರವೊಂದರ ಅನನ್ಯತೆಯನ್ನು ಹುಡುಕಿ, ಬರಹ, ಚಿತ್ರ, ಧ್ವನಿ, ವಿಡಿಯೊ, ನಕ್ಷೆಗಳಲ್ಲಿ ಹಿಡಿದಿಡಲು ಹೊರಟವರು ತಮ್ಮ ಪ್ರತಿ ಸಾಲನ್ನೂ ಪ್ರತಿ ಚಿತ್ರವನ್ನೂ ಈ ಪರೀಕ್ಷೆಗೆ ಒಡ್ಡಬೇಕು. ಮುಸ್ಸಂಜೆಯ ವಾಹನ ದೀಪಗಳ ಸಾಲು, ಗಾಜಿನ ಕಟ್ಟಡದಲ್ಲಿ ಮೂಡಿದ ಮೋಡದ ಬಿಂಬ, ಡ್ರೋನ್ ಹಾರಿಸಿ ತೆಗೆದ ಮೇಲ್ಸೇತುವೆ ಎಲ್ಲವೂ ನೋಡಲು ಚೆನ್ನಾಗಿರುತ್ತವೆ, ಪರೀಕ್ಷೆಯಲ್ಲಿ ನಪಾಸಾಗುತ್ತವೆ.

ಇದಕ್ಕೆ ಕಾರಣವಿದೆ. ನಗರ ದೊಡ್ಡದಾದಷ್ಟೂ ಅದು ಇತರ ದೊಡ್ಡ ನಗರಗಳನ್ನೇ ಹೋಲತೊಡಗುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯೋರ್ಗ್ ಸಿಮ್ಮೆಲ್ 1903ರಲ್ಲೇ ಮಹಾನಗರವಾಸಿಯ ನಿರ್ಲಿಪ್ತತೆಯನ್ನು ವಿವರಿಸಿದ್ದರು: ಕ್ಷಣಕ್ಷಣಕ್ಕೂ ಮೇಲೆರಗುವ ನೋಟ, ಸದ್ದು, ಅಪರಿಚಿತ ಮುಖಗಳ ನಡುವೆ ಮನಸ್ಸು ತನ್ನನ್ನು ಕಾಪಾಡಿಕೊಳ್ಳಲು ತೊಡುವ ಕವಚ ಅದು. ಷಿಕಾಗೋದ ಸಮಾಜಶಾಸ್ತ್ರಜ್ಞ ಲೂಯಿಸ್ ವರ್ತ್ 1938ರಲ್ಲಿ ಜನಸಂಖ್ಯೆ, ಸಾಂದ್ರತೆ, ವೈವಿಧ್ಯ ಈ ಮೂರರಿಂದಲೇ ನಗರ ಜೀವನದ ಬಹುಪಾಲು ಲಕ್ಷಣಗಳನ್ನು ವಿವರಿಸಬಹುದೆಂದು ವಾದಿಸಿದರು. ಧಾವಂತ, ಜನಜಂಗುಳಿ, ಒಂಟಿತನ, ಸ್ವಾತಂತ್ರ್ಯ ಇವೆಲ್ಲ ‘ನಗರ’ ಎಂಬ ಜಾತಿಯ ಗುಣಗಳು, ಒಂದು ನಗರದ ಗುಣಗಳಲ್ಲ. ಒಂದು ನಗರದ್ದೇ ಆದದ್ದು ಬೇರೆ ಕಡೆ ಇರುತ್ತದೆ. ನೆಲ ಏನು ಕೊಟ್ಟಿತು, ಹಿಂದಿನವರು ಆ ನೆಲದ ಮೇಲೆ ಯಾವ ತೀರ್ಮಾನ ಮಾಡಿದರು, ಆ ತೀರ್ಮಾನದ ಫಲವನ್ನು ಇಂದಿನವರು ದಿನನಿತ್ಯ ಹೇಗೆ ನಿಭಾಯಿಸುತ್ತಿದ್ದಾರೆ ಎಂಬ ಮೂರೆಳೆಯ ಹೆಣಿಗೆಯಲ್ಲಿ ಅದನ್ನು ಹುಡುಕಬೇಕು. ಆ ಹೆಣಿಗೆ ಹೊರಗೆ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಸಣ್ಣ ವಸ್ತುಗಳಲ್ಲಿ.

ಇದನ್ನು ಒಂದೇ ನಗರ ಹಿಡಿದುಕೊಂಡು ನೋಡುವುದು ಒಳ್ಳೆಯದು. ನನ್ನ ಆಯ್ಕೆ ಮೆಕ್ಸಿಕೊ ಸಿಟಿ.

ಹದಿನಾಲ್ಕು ಮೆಟ್ಟಿಲುಗಳು

ಆ ನಗರದ ವಿಶಾಲವಾದ ರಾಜಬೀದಿ ‘ಪಸೇಯೊ ದೆ ಲಾ ರೆಫೊರ್ಮಾ’ದ ಒಂದು ವೃತ್ತದಲ್ಲಿ ಸ್ವಾತಂತ್ರ್ಯದ ಸ್ತಂಭವಿದೆ. ತುದಿಯಲ್ಲಿ ಚಿನ್ನದ ಬಣ್ಣದ ರೆಕ್ಕೆಯ ದೇವತೆ. ಸ್ವಾತಂತ್ರ್ಯ ಹೋರಾಟದ ಶತಮಾನೋತ್ಸವಕ್ಕೆಂದು 1910ರಲ್ಲಿ ಅನಾವರಣಗೊಂಡಿತು. ಪ್ರವಾಸಿಗರೆಲ್ಲ ತಲೆ ಎತ್ತಿ ದೇವತೆಯ ಚಿತ್ರ ತೆಗೆಯುತ್ತಾರೆ. ಸಂಶೋಧಕರು ನೋಡಬೇಕಾದದ್ದು ಕೆಳಗೆ. ಸ್ತಂಭದ ಬುಡಕ್ಕೆ ಹತ್ತುವ ಮೆಟ್ಟಿಲುಗಳಲ್ಲಿ 14 ಮೂಲದಲ್ಲಿ ಇರಲೇ ಇಲ್ಲ, ಆಮೇಲೆ ಸೇರಿಸಿದ್ದು. ಸ್ತಂಭವನ್ನು ಯಾರೂ ಎತ್ತರಿಸಿಲ್ಲ. ಅದರ ಅಡಿಪಾಯ ಆಳಕ್ಕೆ ಇಳಿದಿರುವುದರಿಂದ ಅದು ಇದ್ದಲ್ಲೇ ಇದೆ. ಸುತ್ತಲಿನ ನಗರ ಕುಸಿಯುತ್ತ ಹೋಗಿದೆ. ನೆಲ ಇಳಿದಂತೆಲ್ಲ ಹತ್ತಲು ಇನ್ನಷ್ಟು ಮೆಟ್ಟಿಲು ಬೇಕಾಯಿತು.

‘ಏಕೆ ಕುಸಿಯುತ್ತಿದೆ?’ ಎಂದು ಕೇಳಿದ ಕೂಡಲೇ ಏಳು ಶತಮಾನಗಳ ಕಥೆ ಬಿಚ್ಚಿಕೊಳ್ಳುತ್ತದೆ. 1325ರಲ್ಲಿ ಸ್ಥಾಪನೆಯಾಯಿತೆಂದು ಹೇಳಲಾಗುವ ಅಜ್ಟೆಕರ ರಾಜಧಾನಿ ತೆನೊಚ್‌ತಿತ್ಲಾನ್ ಇದ್ದದ್ದು ತೆಸ್ಕೊಕೊ ಸರೋವರದ ನಡುವಿನ ದ್ವೀಪದಲ್ಲಿ. 1521ರಲ್ಲಿ ಸ್ಪೇನಿನವರು ಅದನ್ನು ಗೆದ್ದು, ಅದರ ಅವಶೇಷಗಳ ಮೇಲೆಯೇ ತಮ್ಮ ರಾಜಧಾನಿ ಕಟ್ಟಿದರು. ನೀರಿನೊಂದಿಗೆ ಬದುಕುವ ವಿದ್ಯೆ ಹಿಂದಿನವರಿಗಿತ್ತು. ಬಂದವರು ನೀರನ್ನೇ ಹೊರಹಾಕಲು ಹೊರಟರು. 1607ರಲ್ಲಿ ಕಣಿವೆಯಿಂದ ನೀರು ಹೊರಗೆ ಹರಿಸುವ ಕಾಮಗಾರಿ ಶುರುವಾಯಿತು. 1629ರಲ್ಲಿ ಬಂದ ನೆರೆ ವರ್ಷಗಟ್ಟಲೆ ಇಳಿಯಲಿಲ್ಲ. ಕೊನೆಗೂ ಸರೋವರ ಬಹುಪಾಲು ಬತ್ತಿತು, ಉಳಿದದ್ದು ನೀರು ಹೀರಿಕೊಂಡ ಮೆತ್ತನೆಯ ಜೇಡಿಮಣ್ಣು. ಅದರ ಅಡಿಯಿಂದ ನಗರ ತನ್ನ ಬಾಯಾರಿಕೆಗೆ ಅಂತರ್ಜಲ ಎತ್ತುತ್ತಲೇ ಬಂದಿದೆ. ನೀರು ಹೋದಂತೆ ಮಣ್ಣು ಒತ್ತಿಕೊಳ್ಳುತ್ತದೆ. ಕೆಲವು ಭಾಗಗಳಲ್ಲಿ ಕುಸಿತ ವರ್ಷಕ್ಕೆ ಸುಮಾರು 50 ಸೆಂಟಿಮೀಟರ್‌ವರೆಗೂ ಇದೆ.

ಇಲ್ಲಿಗೆ ನಿಲ್ಲಿಸಿ ‘ಮುಳುಗುವ ನಗರ, ಆದ್ದರಿಂದ ಅನನ್ಯ’ ಎಂದು ಬರೆದುಬಿಡುವ ಆಸೆಯಾಗುತ್ತದೆ. ಬರೆಯಬಾರದು. ವೆನಿಸ್ ಮುಳುಗುತ್ತಿದೆ. ಜಕಾರ್ತಾ ಮುಳುಗುತ್ತಿದೆ; ರಾಜಧಾನಿಯನ್ನೇ ಬೇರೆ ದ್ವೀಪಕ್ಕೆ ಸಾಗಿಸುವುದಾಗಿ ಇಂಡೊನೇಷ್ಯಾ 2019ರಲ್ಲಿ ಘೋಷಿಸಿತು. ಹೋಲಿಸಿದಾಗಲೇ ನಮ್ಮ ಹೇಳಿಕೆಗೆ ಸರಿಯಾದ ಅಂಚು ಬರುವುದು. ವೆನಿಸ್, ಜಕಾರ್ತಾಗಳು ಸಮುದ್ರಕ್ಕೆ ಅಂಜುತ್ತವೆ. ಮೆಕ್ಸಿಕೊ ಸಿಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಸುತ್ತ ಬೆಟ್ಟಗಳು, ಕಡಲಿನ ಸುಳಿವಿಲ್ಲ. ಅದು ತಾನೇ ಬತ್ತಿಸಿದ ಸರೋವರದೊಳಕ್ಕೆ, ತಾನೇ ಕುಡಿದ ನೀರಿನ ಜಾಗಕ್ಕೆ ಇಳಿಯುತ್ತಿದೆ. ಮೇಲಾಗಿ, ಒಂದು ಕಾಲಕ್ಕೆ ನೀರನ್ನು ಓಡಿಸಲು ಹೆಣಗಿದ ಊರು ಈಗ ಕುತ್ಸಾಮಾಲಾ ವ್ಯವಸ್ಥೆಯ ಮೂಲಕ ದೂರದ ನೀರನ್ನು ಸಾವಿರ ಮೀಟರಿಗೂ ಹೆಚ್ಚು ಮೇಲಕ್ಕೆ ಪಂಪ್ ಮಾಡಿ ತರಿಸಿಕೊಳ್ಳುತ್ತಿದೆ. ಈ ಮಾತಿನಲ್ಲಿ ಊರಿನ ಹೆಸರು ಅಳಿಸಿದರೂ ಇನ್ನೊಂದು ಊರು ಅಲ್ಲಿ ಬಂದು ಕೂರಲಾರದು.

ಇಡೀ ವಿಧಾನ ಇಷ್ಟೇ ಎಂದು ಬೇಕಾದರೆ ಹೇಳಬಹುದು: ಕಣ್ಣಿಗೆ ಬೀಳುವ ಒಂದು ವಿಚಿತ್ರ ವಿವರ, ಅದರ ಹಿಂದಿನ ಕಾರಣ, ಇತರ ನಗರಗಳೊಂದಿಗೆ ಹೋಲಿಕೆ. ಕಷ್ಟವಿರುವುದು ಆ ವಿವರ ಕಣ್ಣಿಗೆ ಬೀಳುವಂತೆ ಮಾಡಿಕೊಳ್ಳುವುದರಲ್ಲಿ.

ನೋಡುವುದನ್ನು ರೂಢಿಸಿಕೊಳ್ಳುವುದು

ಫ್ರೆಂಚ್ ಲೇಖಕ ಜಾರ್ಜ್ ಪೆರೆಕ್ 1974ರ ಅಕ್ಟೋಬರ್‌ನಲ್ಲಿ ಮೂರು ದಿನ ಪ್ಯಾರಿಸ್ಸಿನ ಸಾಂ ಸುಲ್ಪೀಸ್ ಚೌಕದಲ್ಲಿ ಕುಳಿತು, ಅಲ್ಲಿ ‘ಏನೂ ನಡೆಯದಿದ್ದಾಗ ನಡೆಯುವುದನ್ನು’ ಬರೆದುಕೊಂಡರು. ಹಾದುಹೋಗುವ ಬಸ್ಸುಗಳ ಸಂಖ್ಯೆ, ಪಾರಿವಾಳಗಳು, ಕೈಯಲ್ಲಿ ಚೀಲ ಹಿಡಿದವರು. ಅಲ್ಲಿನ ಚರ್ಚು, ಕಾರಂಜಿಗಳ ವರ್ಣನೆ ಆಗಲೇ ಎಲ್ಲರೂ ಬರೆದಾಗಿತ್ತು. ಅದನ್ನು ಅವರು ಬೇಕೆಂದೇ ಬಿಟ್ಟರು. ಅವರಷ್ಟು ಸಹನೆ ಎಲ್ಲರಿಗೂ ಸಾಧ್ಯವಿಲ್ಲದಿರಬಹುದು. ಆದರೂ ಒಂದೇ ಮೂಲೆಯಲ್ಲಿ ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹನ್ನೊಂದಕ್ಕೆ ಒಂದೊಂದು ಗಂಟೆ ಕೂತವರಿಗೆ, ಹತ್ತು ಬಡಾವಣೆ ಸುತ್ತಿದವರಿಗಿಂತ ಹೆಚ್ಚು ಸಿಗುತ್ತದೆ.

ಟಿಪ್ಪಣಿ ಬರೆಯುವಾಗ ಪುಟವನ್ನು ಎರಡು ಭಾಗ ಮಾಡಿಕೊಳ್ಳಿ. ಎಡಕ್ಕೆ ಕಂಡದ್ದು, ಬಲಕ್ಕೆ ಊಹಿಸಿದ್ದು. ‘ಹೆಂಗಸೊಬ್ಬಳು ಅಂಗಡಿಯ ಮುಂದೆ ನಿಂತು ಎರಡು ಬಾರಿ ಗಡಿಯಾರ ನೋಡಿದಳು’ ಎಂಬುದು ಎಡಗಡೆಯದು. ‘ಯಾರಿಗೋ ಕಾಯುತ್ತಿದ್ದಾಳೆ’ ಎಂಬುದು ಬಲಗಡೆಯದು. ನಗರಗಳ ಬಗೆಗಿನ ಹುಸಿ ಮಾತುಗಳು ಬಹುತೇಕ ಬಲಗಡೆಯಿಂದ ಎಡಗಡೆಗೆ ಸದ್ದಿಲ್ಲದೆ ದಾಟಿ ಬಂದವು.

ವಿಡಿಯೊದ ನಿಜವಾದ ಬಲ ಇರುವುದೂ ಇಂಥ ತಾಳ್ಮೆಯ ನೋಟದಲ್ಲೇ. 1970ರ ದಶಕದಲ್ಲಿ ನಗರ ಅಧ್ಯಯನಕಾರ ವಿಲಿಯಂ ವೈಟ್ ನ್ಯೂಯಾರ್ಕಿನ ಕಚೇರಿ ಕಟ್ಟಡಗಳ ಮುಂದಿನ ಬಯಲುಗಳಲ್ಲಿ ಕ್ಯಾಮೆರಾ ಇಟ್ಟು, ಜನ ಅಲ್ಲಿ ಏನು ಮಾಡುತ್ತಾರೆಂದು ಗಂಟೆಗಟ್ಟಲೆ ಚಿತ್ರೀಕರಿಸಿದರು. ಜನರಿಗೆ ಜನಸಂದಣಿಯಿಂದ ದೂರ ಕೂರುವುದು ಇಷ್ಟ ಎಂಬುದು ಎಲ್ಲರ ನಂಬಿಕೆ, ಕೇಳಿದರೆ ಜನ ಹೇಳುವುದೂ ಅದನ್ನೇ. ಚಿತ್ರದಲ್ಲಿ ಕಂಡದ್ದು ತದ್ವಿರುದ್ಧ. ಜನ ಇರುವಲ್ಲಿಗೇ ಜನ ಬರುತ್ತಿದ್ದರು. ಮಾತಿಗೆ ನಿಂತವರು ಬದಿಗೆ ಸರಿಯದೆ ದಾರಿಯ ನಟ್ಟನಡುವೆಯೇ ನಿಲ್ಲುತ್ತಿದ್ದರು. ಕುರ್ಚಿ ಸರಿಯಾದ ಜಾಗದಲ್ಲೇ ಇದ್ದರೂ ಕೂರುವ ಮುನ್ನ ಅದನ್ನು ಒಂದಿಷ್ಟು ಅತ್ತಿತ್ತ ಸರಿಸುತ್ತಿದ್ದರು. ಇಂಥ ಕುರ್ಚಿ, ಕಟ್ಟೆ, ನೆರಳುಗಳ ಲೆಕ್ಕಾಚಾರದ ಆಧಾರದ ಮೇಲೆ ನ್ಯೂಯಾರ್ಕ್ 1975ರಲ್ಲಿ ತನ್ನ ಕಟ್ಟಡ ನಿಯಮಗಳನ್ನೇ ತಿದ್ದಿತು. ಜನ ಹೇಳುವುದಕ್ಕೂ ಮಾಡುವುದಕ್ಕೂ ನಡುವಿನ ಅಂತರವನ್ನು ತೋರಿಸಬಲ್ಲ ಮಾಧ್ಯಮ ಚಲನಚಿತ್ರ. ಅದಕ್ಕೆ ಹಿನ್ನೆಲೆ ಸಂಗೀತ ಹಾಕಿ, ವೇಗ ಹೆಚ್ಚಿಸಿ, ಮೂರು ಸೆಕೆಂಡಿಗೊಂದು ದೃಶ್ಯದಂತೆ ಕತ್ತರಿಸಿದರೆ ಆ ಬಲ ಉಡುಗಿಹೋಗುತ್ತದೆ.

ಕಿವಿಯ ಸಾಕ್ಷ್ಯ

ಬಹುಮಾಧ್ಯಮ ಎಂದು ಹೇಳಿಕೊಳ್ಳುವ ಬಹಳಷ್ಟು ಕೆಲಸಗಳಲ್ಲಿ ಧ್ವನಿಗೆ ಮಲತಾಯಿಯ ಧೋರಣೆ. ನನ್ನ ದೃಷ್ಟಿಯಲ್ಲಿ ನಗರದ ಗುರುತು ಕಣ್ಣಿಗಿಂತ ಬೇಗ ಕಿವಿಗೆ ಸಿಗುತ್ತದೆ. ಕಟ್ಟಡಗಳು ಜಗತ್ತಿನಾದ್ಯಂತ ಒಂದೇ ಥರ ಆಗುತ್ತಿದ್ದರೂ ಬೀದಿಯ ಕೂಗು ಇನ್ನೂ ಹಾಗೆ ಆಗಿಲ್ಲ.

ಕೆನಡಾದ ಸಂಗೀತ ಸಂಯೋಜಕ ಮರ್ರಿ ಶೇಫರ್ ಮತ್ತು ಸಂಗಡಿಗರು ವ್ಯಾಂಕೂವರ್ ನಗರದ ಸದ್ದುಗಳನ್ನು ಮುದ್ರಿಸಿ 1973ರಲ್ಲಿ ಪ್ರಕಟಿಸಿದರು. ಶೇಫರ್ ಸದ್ದುಗಳನ್ನು ವಿಂಗಡಿಸಿದ ರೀತಿ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಹಿನ್ನೆಲೆಯಲ್ಲಿ ಸದಾ ಇದ್ದು, ಕೇಳಿಸುತ್ತಿದೆ ಎಂಬುದೇ ಮರೆತುಹೋಗುವ ಸದ್ದು ಒಂದು. ಅದನ್ನು ಶ್ರುತಿ ಎನ್ನಬಹುದು. ಗಮನ ಸೆಳೆಯಲೆಂದೇ ಇರುವ ಗಂಟೆ, ಸೈರನ್‌ಗಳು ಇನ್ನೊಂದು. ಆ ಸಮುದಾಯಕ್ಕೆ ಮಾತ್ರ ಅರ್ಥವಿರುವ, ಹೆಗ್ಗುರುತಿನಂಥ ಸದ್ದು ಮೂರನೆಯದು. ವ್ಯಾಂಕೂವರ್‌ನಲ್ಲಿ ದಿನವೂ ಮಧ್ಯಾಹ್ನ 12ಕ್ಕೆ ಕೊಂಬುಗಳು ಕೆನಡಾದ ರಾಷ್ಟ್ರಗೀತೆಯ ಮೊದಲ ನಾಲ್ಕು ಸ್ವರಗಳನ್ನು ಊದುತ್ತವೆ. ಅಂಥದ್ದು.

ಮೆಕ್ಸಿಕೊ ಸಿಟಿಯಲ್ಲಿ ಈ ಮೂರನೆಯ ಬಗೆಯ ಸದ್ದುಗಳಿಗೆ ಬರವಿಲ್ಲ. ಚಾಕು ಸಾಣೆ ಹಿಡಿಯುವವನು ಊದುವ ಬಹುಕೊಳವೆಯ ಪುಟ್ಟ ಕೊಳಲು, ಸಂಜೆ ಗೆಣಸಿನ ಗಾಡಿಯಿಂದ ಹೊರಡುವ ಹಬೆಯ ಕೀಚು ಸಿಳ್ಳೆ. ಅದಕ್ಕಿಂತಲೂ ಪ್ರಸಿದ್ಧವಾದದ್ದು ಗುಜರಿ ವಾಹನಗಳ ಧ್ವನಿವರ್ಧಕದಲ್ಲಿ ಕೇಳಿಬರುವ ಹುಡುಗಿಯೊಬ್ಬಳ ರಾಗವಾದ ದನಿ: ಹಾಸಿಗೆ, ಫ್ರಿಜ್, ಒಲೆ, ಬಟ್ಟೆ ಒಗೆಯುವ ಯಂತ್ರ, ಇಲ್ಲವೇ ಹಳೆ ಕಬ್ಬಿಣ ಇದ್ದರೆ ಕೊಳ್ಳುತ್ತೇವೆ ಎಂಬ ಅರ್ಥದ ಕೂಗು. ಒಮ್ಮೆ ಮುದ್ರಿಸಿದ ಆ ದನಿ ಅಸಂಖ್ಯ ವಾಹನಗಳಿಗೆ ಹರಡಿ, ಹುಡುಗಿ ದೊಡ್ಡವಳಾದ ಮೇಲೂ ಬೀದಿಯಲ್ಲಿ ಅದೇ ವಯಸ್ಸಿನಲ್ಲಿ ಉಳಿದುಬಿಟ್ಟಿದೆ.

ಮತ್ತೊಂದು ಸದ್ದು ನೇರವಾಗಿ ಆ ಸರೋವರಕ್ಕೆ ಕರೆದೊಯ್ಯುತ್ತದೆ. 1985ರ ಸೆಪ್ಟೆಂಬರ್ 19ರ ಭೂಕಂಪದ ಕೇಂದ್ರ ಇದ್ದದ್ದು ಸುಮಾರು 350 ಕಿಲೋಮೀಟರ್ ಆಚೆ, ಪೆಸಿಫಿಕ್ ಕರಾವಳಿಯ ಬಳಿ. ಅಷ್ಟು ದೂರದ ಅಲೆಗಳು ಸಾಮಾನ್ಯವಾಗಿ ದುರ್ಬಲವಾಗಿರುತ್ತವೆ. ಆದರೆ ಸರೋವರದ ತಳದ ಜೇಡಿಮಣ್ಣು, ತಟ್ಟೆಯಲ್ಲಿಟ್ಟ ಜೆಲ್ಲಿಯ ಹಾಗೆ, ಅವನ್ನು ಹಲವು ಪಟ್ಟು ಹಿಗ್ಗಿಸಿತು. ಆ ತೂಗಾಟದ ಲಯಕ್ಕೆ ಹೊಂದಿಕೊಂಡ ಮಧ್ಯಮ ಎತ್ತರದ ಕಟ್ಟಡಗಳು ಹೆಚ್ಚಾಗಿ ಉರುಳಿದವು. ಆ ಬಳಿಕ ನಗರ ಭೂಕಂಪ ಮುನ್ನೆಚ್ಚರಿಕೆಯ ವ್ಯವಸ್ಥೆ ಕಟ್ಟಿಕೊಂಡಿತು. ಕರಾವಳಿಯಲ್ಲಿ ನೆಲ ನಡುಗಿದ್ದನ್ನು ಉಪಕರಣಗಳು ಗ್ರಹಿಸಿದರೆ, ಅಲೆ ಬಂದು ಮುಟ್ಟುವ ಮುನ್ನವೇ ಬೀದಿ ಕಂಬಗಳ ಧ್ವನಿವರ್ಧಕಗಳಲ್ಲಿ ಏರಿಳಿಯುವ ಸೈರನ್ ಮೊಳಗುತ್ತದೆ. ದೂರವೇ ಕೊಟ್ಟ ಒಂದು ನಿಮಿಷದ ಆಸುಪಾಸಿನ ಅವಕಾಶ ಅದು. ಹತ್ತು ಸೆಕೆಂಡಿನ ಈ ಧ್ವನಿಮುದ್ರಿಕೆಯ ಜೊತೆಗೆ ಎರಡು ಸಾಲಿನ ವಿವರಣೆ ಇಟ್ಟರೆ, ನಗರದ ಭೂಗೋಳ, ಇತಿಹಾಸ, ಭಯ ಮೂರೂ ಓದುಗರನ್ನು ತಲುಪುತ್ತವೆ. ಅಲ್ಲಿನವರ ಎದೆ ನಡುಗಿಸುವ ಈ ಸದ್ದನ್ನು ಪುಟ ತೆರೆದ ಕೂಡಲೇ ತಾನಾಗಿ ಮೊಳಗುವಂತೆ ಮಾತ್ರ ಇಡಬಾರದು. ಕೇಳಬೇಕೆಂದವರು ಗುಂಡಿ ಒತ್ತಿ ಕೇಳಲಿ.

ನಕ್ಷೆ ಎಂಬ ಅಭಿಪ್ರಾಯ

ನಕ್ಷೆಯನ್ನು ಜನ ಪ್ರಶ್ನಿಸದೆ ನಂಬುತ್ತಾರೆ, ಅದಕ್ಕೇ ಎಚ್ಚರ ಬೇಕು. ಸಮಾಜ ಸಂಶೋಧಕ ಚಾರ್ಲ್ಸ್ ಬೂತ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಬಡತನವನ್ನು ಬೀದಿ ಬೀದಿಯಾಗಿ ಬಣ್ಣಗಳಲ್ಲಿ ಗುರುತಿಸಿದರು. ಶ್ರೀಮಂತರಿಗೆ ಹಳದಿ, ತೀರಾ ಕೆಳಗಿನವರಿಗೆ ಕಪ್ಪು. ಅಪಾರ ಶ್ರಮದ, ಇಂದಿಗೂ ಬೆಲೆಯುಳ್ಳ ಕೆಲಸ. ಆದರೆ ಕಪ್ಪು ಬಣ್ಣದ ಎದುರಿನ ವಿವರಣೆ ಓದಿ: ‘ದುಷ್ಟರು, ಅರೆ ಅಪರಾಧಿಗಳು’. ಆದಾಯದ ಲೆಕ್ಕ ಕೊಡುತ್ತಲೇ ನಕ್ಷೆ ನಡತೆಯ ತೀರ್ಪನ್ನೂ ಕೊಟ್ಟುಬಿಟ್ಟಿತ್ತು.

ಇದಕ್ಕೆ ಒಳ್ಳೆಯ ಪ್ರತಿವಿಧಾನ ಎಂದರೆ ನಿವಾಸಿಗಳಿಂದಲೇ ನಕ್ಷೆ ಬರೆಸುವುದು. 1960ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಬಾಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲೀಸ್‌ಗಳ ಜನರಿಗೆ, ಅಪರಿಚಿತರಿಗೆ ಊರು ತೋರಿಸುವಂತೆ ಗೀಚಿ ಕೊಡಿ ಎಂದು ಕೇಳಿದರು. ಆ ಚಿತ್ರಗಳಲ್ಲಿ ದಾರಿ, ಅಂಚು, ಪ್ರದೇಶ, ಕೂಡುತಾಣ, ಹೆಗ್ಗುರುತು ಎಂಬ ಐದು ಅಂಶಗಳು ಮರುಕಳಿಸಿದವು. ಬಾಸ್ಟನ್ನಿನವರ ಚಿತ್ರಗಳು ಗಟ್ಟಿಯಾಗಿದ್ದವು. ಜೆರ್ಸಿ ಸಿಟಿಯವರಿಗೆ ತಮ್ಮ ಊರಿನಲ್ಲಿ ಎತ್ತಿ ಹೇಳುವಂಥದ್ದು ಹೆಚ್ಚೇನೂ ಹೊಳೆಯಲಿಲ್ಲ. ಹಾಳೆ, ಪೆನ್ಸಿಲ್ ಸಾಕು. ಇಂದಿಗೂ ಇಷ್ಟು ಅಗ್ಗದ, ಇಷ್ಟು ಫಲ ಕೊಡುವ ಉಪಾಯ ಇನ್ನೊಂದಿಲ್ಲ. ಒಂದೇ ಬಡಾವಣೆಯನ್ನು ಶಾಲೆಯ ಹುಡುಗಿ, ಟ್ಯಾಕ್ಸಿ ಚಾಲಕ, ಗಾಲಿಕುರ್ಚಿಯಲ್ಲಿ ಓಡಾಡುವವರು ಬರೆದ ಮೂರು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ, ಅವುಗಳಲ್ಲಿ ಬಿಟ್ಟುಹೋದ ಜಾಗಗಳೇ ಲೇಖನಕ್ಕೆ ವಸ್ತುವಾಗುತ್ತವೆ.

ಸಂದರ್ಶನದಲ್ಲೂ ಇದೇ ಸೂತ್ರ. ‘ನಿಮ್ಮ ನಗರದ ವಿಶೇಷವೇನು?’ ಎಂದು ಕೇಳಿದರೆ ಪ್ರವಾಸೋದ್ಯಮ ಇಲಾಖೆಯ ಕರಪತ್ರ ಬಾಯಿಪಾಠವಾಗಿ ಬರುತ್ತದೆ. ‘ನಿನ್ನೆ ಬೆಳಿಗ್ಗೆ ಮನೆಯಿಂದ ಹೊರಟು ಎಲ್ಲೆಲ್ಲಿ ಹೋದಿರಿ, ಎಲ್ಲಿ ಕಾದಿರಿ, ಯಾವ ದಾರಿಯನ್ನು ಬೇಕೆಂದೇ ಬಿಟ್ಟಿರಿ?’ ಎಂದು ಕೇಳಿದರೆ ನಗರ ಬರುತ್ತದೆ. ‘ಯಾವ ದಾರಿಯನ್ನು ಬೇಕೆಂದೇ ಬಿಟ್ಟಿರಿ’ ಎಂಬ ಪ್ರಶ್ನೆಯನ್ನು ಮಾತ್ರ ಬಿಡಬಾರದು.

ಒಂದೇ ಮಾತನ್ನು ಮೂರು ಸಲ ಹೇಳದಿರುವುದು

ಸಾಮಗ್ರಿ ಕೂಡಿದ ಮೇಲೆ ಜೋಡಣೆ. ಇಲ್ಲಿ ಆಗುವ ದೊಡ್ಡ ಅನಾಹುತವೆಂದರೆ ಪಠ್ಯ ಹೇಳಿದ್ದನ್ನೇ ಚಿತ್ರ ತೋರಿಸುವುದು, ಚಿತ್ರ ತೋರಿಸಿದ್ದನ್ನೇ ವಿಡಿಯೊದಲ್ಲಿ ಇನ್ನೊಬ್ಬರು ಹೇಳುವುದು. ಪ್ರತಿ ಮಾಧ್ಯಮಕ್ಕೂ ಬೇರೊಂದು ಮಾಧ್ಯಮ ಮಾಡಲಾಗದ ಕೆಲಸವನ್ನೇ ಕೊಡಬೇಕು. ಕಾರಣ, ಕಾಲ, ಅನುಮಾನ ಇವನ್ನು ಬರಹ ಮಾತ್ರ ಹೊರಬಲ್ಲದು. ‘ಆದ್ದರಿಂದ’, ‘ಆದರೂ’, ‘ಬಹುಶಃ’ ಎಂಬುದಕ್ಕೆ ಛಾಯಾಚಿತ್ರವಿಲ್ಲ. ಛಾಯಾಚಿತ್ರ ವಿವರವನ್ನು ಹಿಡಿದು ನಿಲ್ಲಿಸುತ್ತದೆ. ಅದೇ ಜಾಗದ ಹಳೆಯ ಚಿತ್ರ ಸಿಕ್ಕರೆ, ಅದೇ ಕೋನದಿಂದ, ಸಾಧ್ಯವಾದರೆ ಅದೇ ಹೊತ್ತಿನ ಬೆಳಕಿನಲ್ಲಿ ಹೊಸದನ್ನು ತೆಗೆದು ಜೋಡಿಸಿದಾಗ ಬದಲಾವಣೆಯ ಸಾಕ್ಷ್ಯವೂ ಆಗುತ್ತದೆ. ಅಲ್ಲಿ ಇದ್ದ ಅನುಭವ ಧ್ವನಿಯಿಂದ ಬರುತ್ತದೆ. ಯಾವುದು ಯಾವುದಕ್ಕೆ ಹತ್ತಿರ ಎಂಬುದು ನಕ್ಷೆಯ ಕ್ಷೇತ್ರ.

ಮೆಕ್ಸಿಕೊ ಸಿಟಿಯ ಮೆಟ್ರೊ ಈ ಹಂಚಿಕೆಗೆ ಒಳ್ಳೆಯ ಅವಕಾಶ. 1969ರಲ್ಲಿ ಶುರುವಾದಾಗ, ಓದು ಬರದ ಪ್ರಯಾಣಿಕರಿಗೂ ತಿಳಿಯಲೆಂದು ಪ್ರತಿ ನಿಲ್ದಾಣಕ್ಕೂ ಹೆಸರಿನ ಜೊತೆ ಒಂದು ಚಿತ್ರಲಾಂಛನ ಕೊಟ್ಟರು. ಪಿನೊ ಸುವಾರೆಸ್ ನಿಲ್ದಾಣದ ಲಾಂಛನ ಒಂದು ದುಂಡಗಿನ ಪುಟ್ಟ ಗುಡಿ. ಸುರಂಗ ಅಗೆಯುವಾಗ ಅಲ್ಲಿಯೇ ಸಿಕ್ಕಿದ, ಅಜ್ಟೆಕರ ಗಾಳಿಯ ದೇವರು ಎಹೆಕಾತ್ಲ್‌ನ ಗುಡಿ ಅದು. ಈಗಲೂ ರೈಲು ಬದಲಿಸುವವರ ದಾರಿಯ ನಡುವೆ ತೆರೆದ ಅಂಗಳದಲ್ಲಿ ನಿಂತಿದೆ. ಲಾಂಛನಕ್ಕೆ ಚಿತ್ರ ಬೇಕು. ಗುಡಿಯನ್ನು ಸುತ್ತಿಕೊಂಡು, ಅತ್ತ ನೋಡದೆ ಸಾಗುವ ಸಾವಿರಾರು ಜನರಿಗೆ ಕದಲದೆ ಇಟ್ಟ ಕ್ಯಾಮೆರಾದ ವಿಡಿಯೊ ಬೇಕು. ಅದು ಅಲ್ಲಿಗೆ ಹೇಗೆ ಬಂತು ಎನ್ನಲು ಒಂದು ಪ್ಯಾರಾ ಬರಹ ಬೇಕು. 1978ರಲ್ಲಿ ವಿದ್ಯುತ್ ಕಾರ್ಮಿಕರು ಅಗೆದಾಗ ಚಂದ್ರದೇವತೆ ಕೊಯೊಲ್‌ಶೌಕಿಯ ಬೃಹತ್ ಕೆತ್ತನೆ ಸಿಕ್ಕಿ ಅಜ್ಟೆಕರ ಮಹಾದೇಗುಲದ ಉತ್ಖನನಕ್ಕೆ ದಾರಿಯಾದದ್ದನ್ನೂ, ಪ್ರಧಾನ ಕ್ಯಾಥೆಡ್ರಲ್‌ನ ವಾಲುವಿಕೆ ಅಳೆಯಲು ಗುಮ್ಮಟದಿಂದ ಇಳಿಬಿಟ್ಟ ತೂಗುಗುಂಡನ್ನೂ ಸೇರಿಸಿ ನಕ್ಷೆಯಲ್ಲಿ ಗುರುತಿಸಿದರೆ, ಕೆಳಗಿನ ನಗರ ಮೇಲಿನ ನಗರದೊಳಕ್ಕೆ ಎಲ್ಲೆಲ್ಲಿ ತಲೆ ಹಾಕುತ್ತದೆ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ.

ಜನರ ಮುಖ ತೋರಿಸುವ ವಿಷಯದಲ್ಲಿ ಎರಡು ಮಾತು. 1880ರ ದಶಕದಲ್ಲಿ ಪತ್ರಕರ್ತ ಜೇಕಬ್ ರೀಸ್ ನ್ಯೂಯಾರ್ಕಿನ ಕಿಕ್ಕಿರಿದ ಬಿಡಾರಗಳಿಗೆ ರಾತ್ರಿ ನುಗ್ಗಿ, ಮಿಂಚುಪುಡಿ ಹೊತ್ತಿಸಿ ಚಿತ್ರ ತೆಗೆದರು. ಆ ಚಿತ್ರಗಳು ವಸತಿ ಸುಧಾರಣೆಗೆ ಕಾರಣವಾದವು ನಿಜ. ಅವುಗಳಲ್ಲಿ ಬೆಚ್ಚಿ ಎದ್ದವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ ಎಂಬುದೂ ನಿಜ. ಇಂದು ಒಪ್ಪಿಗೆ ಎಂದರೆ ‘ಚಿತ್ರ ತೆಗೆಯಬಹುದೇ’ ಎಂದು ಕೇಳುವುದಷ್ಟೇ ಅಲ್ಲ. ಅದು ಎಲ್ಲಿ ಪ್ರಕಟವಾಗುತ್ತದೆ, ಎಷ್ಟು ಕಾಲ ಇರುತ್ತದೆ, ಬೇಡವೆಂದರೆ ತೆಗೆಸುವುದು ಹೇಗೆ ಎಂಬುದನ್ನೂ ಹೇಳಬೇಕು.

ಪ್ರಕಟಿಸುವ ಮುನ್ನ ಕರಡನ್ನು ಆ ನಗರದ ಎರಡು ಬೇರೆ ಬೇರೆ ಭಾಗಗಳಲ್ಲಿ ಇರುವವರಿಗೆ ತೋರಿಸಿ. ಒಬ್ಬರು ‘ಇದು ನಮ್ಮ ಊರೇ ಅಲ್ಲ’ ಎಂದರೆ ಗಾಬರಿ ಬೇಡ. ಎಲ್ಲಿಂದ ಎಲ್ಲಿಯವರೆಗೆ ಅಲ್ಲ ಎಂದು ಕೇಳಿ ಬರೆದುಕೊಳ್ಳಿ, ನಿಮ್ಮ ಹೇಳಿಕೆಯ ಎಲ್ಲೆ ಅಲ್ಲಿದೆ. ಬಳಸದೆ ಉಳಿದ ಧ್ವನಿ, ಚಿತ್ರ, ಟಿಪ್ಪಣಿಗಳನ್ನು ಎಸೆಯಬೇಡಿ. ಪ್ರತಿ ಕಡತದ ಹೆಸರಿನಲ್ಲೇ ದಿನಾಂಕ, ಹೊತ್ತು, ಬೀದಿಯ ಹೆಸರು ಇರಲಿ, ಧ್ವನಿಯನ್ನು ಕುಗ್ಗಿಸದ ರೂಪದಲ್ಲೇ ಉಳಿಸಿ, ಒಂದು ಪ್ರತಿಯನ್ನು ಆ ನಗರದ ಗ್ರಂಥಾಲಯಕ್ಕೋ ದಾಖಲೆ ಭಂಡಾರಕ್ಕೋ ಕೊಡಿ. ಮೂವತ್ತು ವರ್ಷಗಳ ನಂತರ ಅದೇ ಮೂಲೆಯಲ್ಲಿ ಮೈಕ್ ಹಿಡಿದು ನಿಲ್ಲುವವರಿಗೆ ನಿಮ್ಮ ಲೇಖನಕ್ಕಿಂತ ಆ ಕಡತಗಳೇ ಹೆಚ್ಚು ಬೇಕಾಗುತ್ತವೆ.